ಕೂಸು ಪಲಂಗದ ಮ್ಯಾಲಿಂದ ಫರಸಿಗೆ ಬಿದ್ದದ, ಹಣಿಗೆ ಬುಗುಟಿ ಬಂದದ: ಈ ರಾತ್ರಿ ಏನು ಮಾಡ್ಬೇಕ್ರಿ?

ತೊಗರಿಹೊಲ (ಆಳಂದ ತಾಲೂಕು)

9 ತಿಂಗಳ ಗಂಡು ಕೂಸು, ತೂಕ 8 ಕೆ.ಜಿ. ಇವತ್ತು ಸಂಜಿ 5 ಗಂಟೆಗೆ ಪಲಂಗದ ಮ್ಯಾಲಿಂದ ಉರುಳಿ ಶಹಾಬಾದ್ ಫರಸಿ ಮ್ಯಾಲ ಬಿದ್ದದ. ಟೇಪ್ ಹಿಡಿದು ನೋಡಿದ್ರ ಗಾದಿ ಸೇರಿ ಎತ್ತರ 22 ಇಂಚು. ಬಿದ್ದ ಕೂಡ್ಲೆ ಅತ್ತದ, ಎತ್ತಿಕೊಂಡ ಮ್ಯಾಲ ಐದು ನಿಮಿಷಕ್ಕ ಸುಮ್ಮನಾಗ್ಯದ. ಹಣಿ ಬಲಕ್ಕ ಅರ್ಧ ನಿಂಬಿಹಣ್ಣಿನಷ್ಟು ಬುಗುಟಿ ಎದ್ದದ, ನೀಲಿಗಟ್ಟ್ಯದ, ರಕ್ತ ಬಂದಿಲ್ಲ. ಹಾಲು ಕುಡಿಸಿದ ಮ್ಯಾಲ ಒಮ್ಮೆ ವಾಂತಿ ಮಾಡ್ಯದ. ಈಗ ಏಳೂವರಿ. ಆಟಿಗಿ ಹಿಡೀತದ, ಮಾತಾಡ್ಸಿದ್ರ ನಗ್ತದ. ಆದ್ರ ಇದು ಅದರ ಮಲಗೋ ಹೊತ್ತು, ಕಣ್ಣು ಎಳೀಲಿಕತ್ತದ.

ಮನ್ಯಾಗ ಒಬ್ಬೊಬ್ಬರದು ಒಂದೊಂದು ಮಾತು. ಆಯಿ ಬಿಸಿ ಎಣ್ಣಿ ಹಚ್ಚಿ ತಿಕ್ಕಿ ಬುಗುಟಿ ಇಳಸ್ಬೇಕು ಅಂತಾರ. ಅತ್ತಿಯವರು ರಾತ್ರಿ ಪೂರ್ತಿ ಮಲಗಿಸ್ಲೇಬ್ಯಾಡ್ರಿ ಅಂತಾರ. ಕೂಸಿನ ಅಪ್ಪ ಈಗಲೇ ಕಲಬುರಗಿಗೆ ಹೋಗಿ ತಲಿ ಸ್ಕ್ಯಾನ್ ಮಾಡಿಸ್ಕೊಂಡು ಬರೋಣು ಅಂತಾರ. ಖರೇನ ಹೋಗ್ಬೇಕೇನ್ರಿ? ನೋವಿಗೆ ಏನಾರ ಕೊಡಬಹುದಾ?

ದವಾಖಾನಿ_ಪಾಳಿ

ಅಕ್ಕೋರೆ, ಮೊದಲು ಬಿಸಿ ಎಣ್ಣಿ ಒಲಿ ಮ್ಯಾಲಿಂದ ಇಳಸ್ರಿ. ಬುಗುಟಿ ಅಂದ್ರ ಚರ್ಮದ ಕೆಳಗ ಸಣ್ಣ ನರ ಒಡೆದು ರಕ್ತ ನಿಂತದ ಅಂತ. ಬಿಸಿ ತಾಗಿದ್ರ, ತಿಕ್ಕಿದ್ರ ಮುಚ್ಚಿಕೊಳ್ಳಲಿಕತ್ತ ನರ ಮತ್ತ ತೆರಕೋತದ, ಬುಗುಟಿ ಇನ್ನೂ ದೊಡ್ಡದಾಗ್ತದ. ಚಮಚ, ನಾಣ್ಯ, ವಾಟಿ ತಳ ಇಟ್ಟು ಒತ್ತೂದೂ ಬ್ಯಾಡ. ಒಳಗ ಎಲುಬು ಬಿರುಕು ಬಿಟ್ಟಿದ್ರ ಒತ್ತಿದವರಿಗೆ ಗೊತ್ತಾಗೂದಿಲ್ಲ.

ಬರ್ಫ ಇದ್ರ ಎರಡು ತುಂಡು ಮೆತ್ತನ ಹತ್ತಿ ಅರಬಿಯಾಗ ಸುತ್ತಿ, ಐದು ನಿಮಿಷ ಹಗೂರ ಇಟ್ಟು ತೆಗೀರಿ. ಬರ್ಫ ನೇರ ಚರ್ಮಕ್ಕ ತಾಗಬಾರದು, ಕೂಸಿನ ಚರ್ಮ ಸುಟ್ಟಂಗ ಆಗ್ತದ. ಎರಡು ಮೂರು ತಾಸಿಗೊಮ್ಮೆ ಹಿಂಗ ಮಾಡಿದ್ರ ಸಾಕು. ಫ್ರಿಜ್ ಇಲ್ಲಂದ್ರ ಗಡಿಗಿ ನೀರಾಗ ಅದ್ದಿ ಹಿಂಡಿದ ಅರಬಿ ನಡೀತದ. ಕೂಸು ಕೊಸರಿಕೊಂಡು ಒದರ್ಲಿಕತ್ರ ಬಿಟ್ಟುಬಿಡ್ರಿ. ಅತ್ತು ಅತ್ತು ಮಾರಿ ಕೆಂಪಾದ್ರ ಆ ಜಾಗಕ್ಕ ರಕ್ತ ಇನ್ನೂ ಜೋರಾಗಿ ಹರೀತದ, ಬರ್ಫ ಇಟ್ಟಿದ್ದು ಅಲ್ಲಿಗೆ ಅಲ್ಲಿಗೇ.

ಈಗ ಮುಖ್ಯದ್ದು. ಹಣಿ ಬುಗುಟಿ ಎಲ್ಲರಿಗೂ ಕಾಣ್ತದ, ಅದಕ್ಕೇ ಎಲ್ಲರ ಕಣ್ಣೂ ಅಲ್ಲೇ. ನೀವು ಕೂಸಿನ ಉಳಿದ ತಲಿ ಮುಟ್ಟಿ ನೋಡ್ರಿ. ತೊಡಿ ಮ್ಯಾಲ ಕೂಡಿಸಿಕೊಂಡು ಎರಡೂ ಅಂಗೈ ಎರಡು ಕಡೆ ಇಟ್ಟು, ಬೆರಳ ತುದಿ ಚುಚ್ಚದಂಗ, ಬೆರಳಿನ ಮೆತ್ತನ ಭಾಗದಿಂದ ಕಿವಿ ಮ್ಯಾಲಿಂದ ಹಿಂದಲೆ ತನಕ ಸವರ್ರಿ. ಎಡಕ್ಕೂ ಬಲಕ್ಕೂ ಫರಕು ಅನಸ್ತದೇನು ನೋಡ್ರಿ. ಹಣಿ ಬುಗುಟಿ ಗಟ್ಟಿ ಇರ್ತದ. ಕಿವಿ ಮ್ಯಾಲ, ಬದಿಗೆ, ಹಿಂದಲೆಗೆ ಹಣ್ಣಾದ ಟೊಮೆಟೊ ಮುಟ್ಟಿದಂಗ ಮೆತ್ತಗ, ನೀರು ತುಂಬಿದಂಗ ಊತ ಸಿಕ್ರ ಅದು ಬ್ಯಾರೆ ಮಾತು. ಕೂಸು ನಗ್ಲಿಕತ್ತಿದ್ರೂ ಈ ರಾತ್ರೀನೇ ದವಾಖಾನಿಗೆ ಹೋಗ್ರಿ. ಬದಿ ಎಲುಬು ತೆಳ್ಳಗಿರ್ತದ, ಬಿರುಕು ಬಿಡೂದು ಹೆಚ್ಚಾಗಿ ಅಲ್ಲೇ. ಆ ಊತ ಬಿದ್ದ ಕೂಡ್ಲೆ ಬರದೆ ಮರುದಿನ ಎರೆಯುವಾಗ ಕೈಗೆ ಸಿಗೂದೂ ಉಂಟು. ಅದಕ್ಕ ನಾಳೆ ಮುಂಜಾನಿ, ಸಂಜಿ ಎರಡು ಹೊತ್ತೂ ಇನ್ನೊಮ್ಮೆ ಸವರಿ ನೋಡ್ರಿ.

ನೆತ್ತಿನೂ ನೋಡ್ರಿ. ಕೂಸು ಅಳದೆ, ನೆಟ್ಟಗ ಕೂತಾಗ ನೆತ್ತಿ ಸಮ ಇರಬೇಕು, ಇಲ್ಲಾ ಜರಾ ಒಳಗಿರಬೇಕು. ಸುಮ್ಮನಿದ್ದಾಗೂ ಉಬ್ಬಿ ಬಿಗಿಯಾಗಿ ನಿಂತಿದ್ರ ತಡ ಮಾಡಬ್ಯಾಡ್ರಿ. ಅಳುವಾಗ, ಮಲಗಿದಾಗ ಉಬ್ಬೂದು ಲೆಕ್ಕಕ್ಕಿಲ್ಲ.

ಮಕ್ಕಳ_ವಾರ್ಡ್_ಬೀದರ

ಮೇಲಿನವರು ಹೇಳಿದ್ದು ಸರಿ. ಸ್ಕ್ಯಾನ್ ವಿಷಯ ನಾನು ಹೇಳುತ್ತೇನೆ, ಏಕೆಂದರೆ ಗಲಿಬಿಲಿ ಅಲ್ಲೇ ಹೆಚ್ಚು.

ಅಮೆರಿಕದಲ್ಲಿ ತಲೆಗೆ ಪೆಟ್ಟಾದ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಪೆಕಾರ್ನ್ ನಿಯಮವನ್ನು ನಮ್ಮಲ್ಲೂ ಬಳಸುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಅದು ಕೇಳುವುದು ಆರು ಸಂಗತಿ: ಎಚ್ಚರ ಸರಿಯಿದೆಯೇ, ಕೈಗೆ ಸಿಗುವ ಎಲುಬಿನ ಮುರಿತ ಇದೆಯೇ, ಹಣೆ ಬಿಟ್ಟು ಬೇರೆಡೆ ಊತ ಇದೆಯೇ, 5 ಸೆಕೆಂಡ್ ಅಥವಾ ಹೆಚ್ಚು ಪ್ರಜ್ಞೆ ತಪ್ಪಿತ್ತೇ, 3 ಅಡಿಗಿಂತ ಎತ್ತರದಿಂದ ಬಿತ್ತೇ ಅಥವಾ ಜೋರು ಪೆಟ್ಟೇ, ಹೆತ್ತವರ ಕಣ್ಣಿಗೆ ಮಗು ಎಂದಿನಂತೆ ಇದೆಯೇ. ಕೊನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 'ಯಾಕೋ ನನ್ನ ಕೂಸು ಇವತ್ತು ಹಂಗಿಲ್ರಿ' ಎಂದು ತಾಯಿ ಹೇಳುವ ಮಾತಿಗೆ ಆ ನಿಯಮದಲ್ಲೇ ಜಾಗ ಇದೆ, ಡಾಕ್ಟರ ಮುಂದೆ ಹೇಳಲು ಹಿಂಜರಿಯಬೇಡಿ. ಆರರಲ್ಲಿ ಒಂದೂ ಇಲ್ಲದಿದ್ದರೆ ಮಿದುಳಿಗೆ ಗಂಭೀರ ಪೆಟ್ಟಾಗಿರುವ ಸಾಧ್ಯತೆ ಐದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಈಗ ಎಚ್ಚರ ಸರಿಯಿಲ್ಲದಿದ್ದರೆ ಅಥವಾ ಮುರಿತ ಕೈಗೆ ಸಿಕ್ಕರೆ ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ಉಳಿದ ನಾಲ್ಕರಲ್ಲಿ ಒಂದು ಮಾತ್ರ ಇದ್ದರೆ ದವಾಖಾನೆಯಲ್ಲಿಟ್ಟು 4ರಿಂದ 6 ತಾಸು ಕಾದು ನೋಡುವುದೂ ಸರಿಯಾದ ವೈದ್ಯವೇ. ಅಲ್ಲಿ 'ಏನೂ ಮಾಡದೆ ಕೂಡಿಸಿದ್ರು' ಎಂದು ಜಗಳ ತೆಗೆಯಬೇಡಿ.

ನೀವು ಬರೆದ ಪ್ರಕಾರ 22 ಇಂಚು, ಅಂದರೆ 2 ಅಡಿಯ ಒಳಗೆ. ಕೂಡಲೇ ಅತ್ತಿದೆ, ಬುಗುಟಿ ಹಣೆಯ ಮೇಲಿದೆ, ಆಡುತ್ತಿದೆ. ತಲೆ ಸವರಿದಾಗ ಬೇರೇನೂ ಸಿಗದಿದ್ದರೆ ಈ ರಾತ್ರಿ ಬರೀ ಸ್ಕ್ಯಾನ್‌ಗಾಗಿ 40 ಕಿ.ಮೀ. ಓಡುವ ಅಗತ್ಯ ನನಗೆ ಕಾಣುವುದಿಲ್ಲ. ಸಿ.ಟಿ. ಅಂದರೆ ಬೆಳೆಯುವ ಮಿದುಳಿಗೆ ವಿಕಿರಣ. ಸುಮ್ಮನೆ ಮಲಗದ ಮಗುವಿಗೆ ನಿದ್ದೆಯ ಔಷಧವನ್ನೂ ಕೊಡಬೇಕಾಗುತ್ತದೆ. ಬೇಕಾದಾಗ ಇವು ದೊಡ್ಡ ಮಾತಲ್ಲ, ಬೇಡದಾಗ ಯಾಕೆ? 'ಹಂಗಾದ್ರ ಎಕ್ಸ್‌ರೇನಾದ್ರೂ ತೆಗಸೋಣು' ಎನ್ನುವವರಿಗೆ: ಎಕ್ಸ್‌ರೇ ಎಲುಬು ತೋರಿಸುತ್ತದೆ, ಒಳಗಿನ ರಕ್ತ ತೋರಿಸುವುದಿಲ್ಲ. ಅದು ಚೆನ್ನಾಗಿ ಬಂತೆಂದು ನಿಶ್ಚಿಂತರಾಗುವುದೇ ಅಪಾಯ.

ಬುಗುಟಿಯ ಅಳತೆಗೂ ಒಂದು ಲೆಕ್ಕವಿದೆ. ಒಂದು ವರ್ಷದೊಳಗಿನ ಮಗುವಿನ ತಲೆಯ ಮೇಲೆ 5 ಸೆಂ.ಮೀ.ಗಿಂತ ದೊಡ್ಡ ಊತ ಅಥವಾ ಗಾಯವಿದ್ದರೆ, ಅದು ಹಣೆಯ ಮೇಲೇ ಇದ್ದರೂ, ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ ಸ್ಕ್ಯಾನ್ ಮಾಡಿ ಎನ್ನುತ್ತದೆ. ಎರಡು ಹತ್ತು ರೂಪಾಯಿ ನಾಣ್ಯ ಪಕ್ಕಪಕ್ಕ ಹಿಡಿದರೆ 5.4 ಸೆಂ.ಮೀ. ಆಗುತ್ತದೆ. ಹಣೆಗೆ ತಾಗಿಸದೆ ಹತ್ತಿರ ಹಿಡಿದು ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ತಾಸಿನ ಮೇಲೆ ಬೆಳೆದಿದೆಯೋ ಇಲ್ಲವೋ ಎಂದು ಮನೆಯವರೆಲ್ಲ ವಾದಿಸುವುದು ತಪ್ಪುತ್ತದೆ.

ಒಂದು ವಾಂತಿ ಸಾಮಾನ್ಯ. ಅತ್ತಾಗ ಗಾಳಿ ನುಂಗಿರುತ್ತದೆ, ಮೇಲೆ ಹಾಲು ಬಿದ್ದರೆ ಹೊರಗೆ ಬರುತ್ತದೆ. ಸ್ವಲ್ಪ ಸ್ವಲ್ಪ ಕುಡಿಸಿ. ಮೂರು ಸಲ ಆದರೆ ಹೊರಡಿ. ಬಿದ್ದು ನಾಲ್ಕೈದು ತಾಸಾದ ಮೇಲೆ ಹೊಸದಾಗಿ ವಾಂತಿ ಶುರುವಾದರೆ ಮೂರಕ್ಕೆ ಕಾಯಬೇಡಿ, ಮಂಪರು ಜೊತೆಗಿದ್ದರಂತೂ ಒಂದಕ್ಕೇ ಹೊರಡಿ.

ನಿದ್ದೆ: ಮಲಗಿಸಿ. ಮಲಗಿದರೆ ಮಿದುಳಿಗೆ ಕೆಟ್ಟದ್ದು ಎನ್ನುವುದು ತಪ್ಪು ತಿಳುವಳಿಕೆ. ನಿಜವಾದ ಭಯವೆಂದರೆ ನಿದ್ದೆಯ ಹೆಸರಲ್ಲಿ ಎಚ್ಚರ ತಪ್ಪಿದ್ದು ತಿಳಿಯದೆ ಹೋಗುವುದು. ರಾತ್ರಿಯೆಲ್ಲ ಜೋಗುಳ ನಿಲ್ಲಿಸಿ ಎಬ್ಬಿಸಿಟ್ಟರೆ ಮಗು ರಚ್ಚೆ ಹಿಡಿಯುತ್ತದೆ, ಆಗ ಕಿರಿಕಿರಿ ಪೆಟ್ಟಿನದೋ ನಿದ್ದೆಗೆಟ್ಟಿದ್ದೋ ನಮಗೂ ಗೊತ್ತಾಗುವುದಿಲ್ಲ. ಹೆಚ್ಚಿನ ತೊಂದರೆಗಳು ಮೊದಲ 6 ತಾಸಿನಲ್ಲೇ ಮುಖ ತೋರಿಸುತ್ತವೆ. ಹಾಗಾಗಿ 11 ಗಂಟೆಯ ತನಕ ಒಬ್ಬರು ಎಚ್ಚರವಿರಿ. 9ಕ್ಕೆ, 11ಕ್ಕೆ, ಮತ್ತೆ ರಾತ್ರಿ 2ಕ್ಕೆ ಅಂಗಾಲು ಸವರಿ. ಕಾಲು ಎಳೆದುಕೊಂಡು ಮುಖ ಕಿವಿಚಬೇಕು. ಎದೆಗೆ ಹಚ್ಚಿದರೆ ಚೀಪಬೇಕು. ಉಸಿರು ಒಂದೇ ಲಯದಲ್ಲಿ, ತುಟಿಯ ಬಣ್ಣ ಎಂದಿನಂತೆ ಇರಬೇಕು. ಎಬ್ಬಿಸಿದರೂ ಕೈಕಾಲು ಜೋಲು ಬಿಟ್ಟರೆ, ಕಣ್ಣು ಬಿಟ್ಟು ಮತ್ತೆ ಮುಳುಗಿದರೆ ಹೊರಡಬೇಕು. ಕಣ್ಣಿಗೆ ಮೊಬೈಲ್ ಟಾರ್ಚ್ ಹಾಕಿ ಪಾಪೆ ಅಳೆಯುವ ಗೋಜಿಗೆ ಹೋಗಬೇಡಿ. ಪಾಪೆ ಒಂದು ದೊಡ್ಡದು ಒಂದು ಸಣ್ಣದು ಆಗುವುದು ತಡವಾಗಿ ಬರುವ ಲಕ್ಷಣ.

ಒಂದು ಪ್ರಶ್ನೆ. ಹೆರಿಗೆ ಎಲ್ಲಿ ಆಯಿತು? ಹುಟ್ಟಿದ ದಿನ ತೊಡೆಗೆ ವಿಟಮಿನ್ ಕೆ ಚುಚ್ಚುಮದ್ದು ಆಗಿದೆಯೇ? ಮನೆಯಲ್ಲಿ ಹೆರಿಗೆಯಾಗಿ ಅದು ತಪ್ಪಿದ್ದರೆ, ಅದರಲ್ಲೂ ಆರು ತಿಂಗಳೊಳಗಿನ, ಬರೀ ಎದೆಹಾಲು ಕುಡಿಯುವ ಮಕ್ಕಳಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕಡಿಮೆ ಇರಬಹುದು. ಅಂಥವರಿಗೂ, ಮನೆತನದಲ್ಲಿ ರಕ್ತ ನಿಲ್ಲದ ಕಾಯಿಲೆ ಇದ್ದವರಿಗೂ, ಮೂರು ತಿಂಗಳೊಳಗಿನ ಕೂಸುಗಳಿಗೂ ಮೇಲಿನ ಯಾವ ರಿಯಾಯಿತಿಯೂ ಇಲ್ಲ. ಸಣ್ಣ ಪೆಟ್ಟಾದರೂ ತೋರಿಸಬೇಕು.

ತೊಗರಿಹೊಲ (ಆಳಂದ ತಾಲೂಕು)

ಹೆರಿಗೆ ಸರ್ಕಾರಿ ದವಾಖಾನ್ಯಾಗೇ ಆಗ್ಯದ ಸರ್, ತಾಯಿ ಕಾರ್ಡ್‌ನ್ಯಾಗ ವಿಟಮಿನ್ ಕೆ ಬರ್ದಾರ. ಬುಗುಟಿ ನಾಣ್ಯದ ಲೆಕ್ಕಕ್ಕ ಸಣ್ಣದೇ ಅದ. ತಲಿ ಸವರಿ ನೋಡ್ದೆ, ಮೆತ್ತಂದು ಏನೂ ಇಲ್ಲ. ಆದ್ರ ಕಿವಿ ಹಿಂದ ಶೇಂಗಾ ಬೀಜದಷ್ಟು ಗಂಟು ಸಿಕ್ತದ, ಮೊದ್ಲು ಎಂದೂ ನೋಡಿದ್ದಿಲ್ಲ. ಜೀವ ಹಾರಿದಂಗ ಆಗ್ಯದ.

ದವಾಖಾನಿ_ಪಾಳಿ

ಇನ್ನೊಂದು ಕಿವಿ ಹಿಂದ ನೋಡ್ರಿ. ಅಲ್ಲೂ ಅಂಥದೇ ಇದ್ದು, ಬೆರಳು ಇಟ್ರ ಚರ್ಮದ ಕೆಳಗ ಅತ್ತಿತ್ತ ಜಾರ್ತದ ಅಂದ್ರ ಅದು ಹಾಲುರಸದ ಗಂಟು (ಲಿಂಫ್ ನೋಡ್), ನೆಗಡಿ ಬಂದು ಹೋದ ಎಷ್ಟೋ ಮಕ್ಕಳಿಗೆ ಇರ್ತದ. ಪೆಟ್ಟಿನ ಊತ ಜಾರೂದಿಲ್ಲ, ಅಂಚು ಸಿಗೂದಿಲ್ಲ, ಅಗಲ ಇರ್ತದ. ತಲಿ ನಡುವೆ ಉದ್ದಕ ಗೆರಿ, ಏಣು ಸಿಕ್ರೂ ಹೆದರಬ್ಯಾಡ್ರಿ, ಅವು ಎಲುಬು ಕೂಡೋ ಜಾಗ. ಕಿವಿ ಹಿಂದ ಚರ್ಮ ನೀಲಿ ಆಗಿದ್ರ, ಕಿವಿಯಿಂದ, ಮೂಗಿನಿಂದ ನೀರಿನಂಥದು ಇಲ್ಲಾ ರಕ್ತ ಸೋರಿದ್ರ ಅದು ಬುರುಡಿ ತಳದ ಮುರಿತ ಇರಬಹುದು. ಹತ್ತಿ ತುರುಕಬ್ಯಾಡ್ರಿ, ಸೋರಲಿಕ್ಕೆ ಬಿಟ್ಟು ನಡೀರಿ.

ತೊಗರಿಹೊಲ (ಆಳಂದ ತಾಲೂಕು)

ಎರಡೂ ಕಡೆ ಅದ ರಿ, ಜಾರ್ತದ.

ಔಷಧ_ಅಳತೆ

ನೋವಿನ ಔಷಧ ಕೇಳಿದ್ರಿ. ಪ್ಯಾರಾಸಿಟಮಾಲ್ ಒಂದೇ. ಲೆಕ್ಕ ತೂಕದ ಮೇಲೆ, ವಯಸ್ಸಿನ ಮೇಲಲ್ಲ: ಕೆ.ಜಿ.ಗೆ 15 ಮಿ.ಗ್ರಾಂ., 8 ಕೆ.ಜಿ.ಗೆ 120 ಮಿ.ಗ್ರಾಂ. ಎಡವಟ್ಟು ಆಗುವುದು ಇಲ್ಲಿಂದ ಮುಂದೆ. ಡ್ರಾಪ್ಸ್ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಮಿ.ಲೀ.ನಲ್ಲೇ 100 ಮಿ.ಗ್ರಾಂ. ಇರುತ್ತದೆ, ಅದರಲ್ಲಿ 1.2 ಮಿ.ಲೀ. ಸಾಕು. ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಅಥವಾ 125 ಇದ್ದರೆ ಸುಮಾರು 5 ಮಿ.ಲೀ. 5 ಮಿ.ಲೀ.ಗೆ 250 ಎಂದು ಬರೆದಿದ್ದರೆ 2.4 ಮಿ.ಲೀ. ಮಾತ್ರ. ಡ್ರಾಪ್ಸ್ ತಂದು 'ಒಂದು ಚಮಚ' ಎಂದು 5 ಮಿ.ಲೀ. ಹಾಕಿದರೆ 500 ಮಿ.ಗ್ರಾಂ. ಹೋಗುತ್ತದೆ, ನಾಲ್ಕು ಪಟ್ಟು. ಬಾಟಲಿಯ ಚೀಟಿ ಓದಿ, ಅದರ ಜೊತೆ ಬಂದ ಡ್ರಾಪರ್‌ನಲ್ಲೋ ಸೂಜಿ ಇಲ್ಲದ ಸಿರಿಂಜ್‌ನಲ್ಲೋ ಅಳೆಯಿರಿ. ಎರಡು ಸಲದ ನಡುವೆ 6 ತಾಸು, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ಮೂರು ತಿಂಗಳೊಳಗಿನ ಮಗುವಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಆಡುತ್ತಿರುವ ಮಗುವಿಗೆ ಸುಮ್ಮನೆ ಕೊಡುವ ಅಗತ್ಯವೂ ಇಲ್ಲ.

ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತ ನಿಲ್ಲುವುದಕ್ಕೆ ಅಡ್ಡ ಬರುತ್ತವೆ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದು ನಮ್ಮ ದೇಶದಲ್ಲಿ 2011ರಿಂದ ನಿಷೇಧ. ಹಳೆಯ ಬಾಟಲಿ ಕಪಾಟಿನಲ್ಲಿದ್ದರೆ ಚೆಲ್ಲಿ. ನೆಗಡಿಯ ಸಿರಪ್ ಮಂಪರು ತರಿಸುತ್ತದೆ, ವಾಂತಿ ನಿಲ್ಲಿಸುವ ಔಷಧ ವಾಂತಿಯನ್ನು ಅಡಗಿಸುತ್ತದೆ. ನೀವು ರಾತ್ರಿಯೆಲ್ಲ ಕಾಯುತ್ತಿರುವ ಎರಡು ಲಕ್ಷಣಗಳನ್ನೇ ಮುಚ್ಚಿಹಾಕುವ ಔಷಧಗಳಿವು. ಇವನ್ನು ಮನೆಯಿಂದ ಹಾಕಬೇಡಿ.

ಗಾಯ ಆಗಿದ್ದರೆ ಅರಿಶಿನ ಸುಣ್ಣ, ಕಾಫಿಪುಡಿ ಮೆತ್ತುವುದೂ ಬೇಡ. ಸುಣ್ಣ ಚರ್ಮ ಸುಡುತ್ತದೆ. ಪುಡಿ ಗಾಯದಲ್ಲಿ ಕೂತರೆ ಹೊಲಿಗೆ ಹಾಕುವವರು ಅದನ್ನೆಲ್ಲ ತೊಳೆಯಬೇಕು, ಮಗು ಎರಡು ಸಲ ನೋವು ತಿನ್ನಬೇಕು. ನೆತ್ತರು ಸುರಿದರೆ ಸ್ವಚ್ಛ ಬಟ್ಟೆ ಇಟ್ಟು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಗಾಯದ ಕೆಳಗೆ ಎಲುಬು ಗುಳಿ ಬಿದ್ದಂತಿದ್ದರೆ ಮಾತ್ರ ಒತ್ತದೆ ಹಗುರವಾಗಿ ಮುಚ್ಚಿ.

ಭೀಮಾ_ದಂಡಿ (ಯಾದಗಿರಿ)

ಇವರ ಕೂಸಿಗೆ ಈಗ ಬ್ಯಾಡಾದ್ರೂ, ಓದೋ ಬ್ಯಾರೆಯವರಿಗೆ ಹೊರಡೋ ಹೊತ್ತು ಬಂದ್ರ ಏನು ಅನ್ನೂದು ಬರೀತೀನಿ. ಫಿಟ್ಸ್ ಬಂದ್ರ, ಎಬ್ಬಿಸಿದ್ರೂ ಏಳದಿದ್ರ, ಉಸಿರು ಕೆಟ್ರ 108. ಫಿಟ್ಸ್ ಬಂದಾಗ ಕೂಸಿನ್ನ ಮಗ್ಗುಲಿಗೆ ಹೊರಳಿಸ್ರಿ, ಗಡಿಯಾರ ನೋಡ್ಕೊಳ್ರಿ. ಕೈಯಾಗ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ, ಬಾಯಾಗ ಚಮಚ, ನೀರು, ಸಕ್ರಿ ಏನೂ ಬ್ಯಾಡ. ಎಚ್ಚರ ಇಲ್ಲದ ಕೂಸಿನ ಬಾಯಿಗೆ ಹಾಕಿದ ನೀರು ಹೊಟ್ಟಿಗಲ್ಲ, ಉಸಿರಿನ ಕೊಳವಿಗೆ ಹೋಗ್ತದ.

ಮಾಳಿಗಿ ಮ್ಯಾಲಿಂದ, ಮೆಟ್ಟಲ ಮ್ಯಾಲಿಂದ ಬಿದ್ದಿದ್ರ ಕುತ್ತಿಗಿಗೂ ಪೆಟ್ಟಾಗಿರ್ತದ ಅಂತಲೇ ತಿಳೀರಿ. ಬಿದ್ದಲ್ಲೇ ಬಿಟ್ಟು, ತಲಿ ಎರಡೂ ಕಡೆ ಕೈ ಹಿಡಿದು ಮೈ ಸಮ ಇಟ್ಟು ಗಾಡಿ ಬರೂತನ ಕಾಯ್ರಿ. ಎತ್ತಲೇಬೇಕಾದ್ರ ಅಗಲ ಹಲಗಿ ಮ್ಯಾಲ, ತಲಿ ಮೈ ಒಂದೇ ಗೆರಿಯಾಗ ಇರಬೇಕು. ಬೈಕ್ ಮ್ಯಾಲ ಇಬ್ಬರ ನಡುವೆ ಒತ್ತಿ ಕೂಡಿಸಿಕೊಂಡು ಹೋಗೂದು ಮಾತ್ರ ಮಾಡಬ್ಯಾಡ್ರಿ. ಕೂಸಿನ ಮಾರಿ ಬೆನ್ನಿಗೆ ಹತ್ತಿ ಉಸಿರು ಕಟ್ಟಿದ್ರೂ ಗೊತ್ತಾಗೂದಿಲ್ಲ, ತಲಿ ತೆಗ್ಗಿನ್ಯಾಗ ಎಗರ್ತದ.

ಹೊರಡೂಕಿಂತ ಮೊದಲು ಫೋನ್ ಮಾಡಿ ಮೂರು ಕೇಳ್ರಿ: ಸಿ.ಟಿ. ಮಷೀನು ಈಗ ನಡೀಲಿಕತ್ತದೇನು, ಮಕ್ಕಳ ಡಾಕ್ಟರ್ ಪಾಳ್ಯಾಗ ಅದಾರೇನು, ಮಿದುಳಿನ ಆಪರೇಷನ್ ಮಾಡೋ ಡಾಕ್ಟರ್ ಸಿಗ್ತಾರೇನು. ಮೂರನೇದು ಇಲ್ಲಂದ್ರ ಮುಂದೆಲ್ಲಿ ಕಳಸ್ತೀರಿ ಅನ್ನೂದನ್ನೂ ಅಲ್ಲೇ ಕೇಳ್ರಿ. ಕಲಬುರಗಿಯಾಗ ಜಿಮ್ಸ್, ಇ.ಎಸ್.ಐ.ಸಿ., ಬೀದರದಾಗ ಬ್ರಿಮ್ಸ್, ಯಾದಗಿರಿಯಾಗ ಯಿಮ್ಸ್ ಮೆಡಿಕಲ್ ಕಾಲೇಜು ದವಾಖಾನಿ ಅವ. ಆದ್ರ ಕೂಸು ಕೈ ಬಿಡೂ ಸ್ಥಿತಿಯಾಗ ಇದ್ರ ದೊಡ್ಡ ಊರು ಹುಡುಕಬ್ಯಾಡ್ರಿ. ಹತ್ತಿರದ ತಾಲೂಕು ದವಾಖಾನ್ಯಾಗ ಆಕ್ಸಿಜನ್, ಡ್ರಿಪ್ ಹಚ್ಚಿಸಿಕೊಂಡು ಅಲ್ಲಿಂದ ಆಂಬುಲೆನ್ಸ್‌ನ್ಯಾಗ ಹೋಗೂದೇ ಪಾಡು. ಯಾದಗಿರಿಯಿಂದ ಕಲಬುರಗಿಗೆ 80 ಕಿ.ಮೀ. ಹತ್ತಿರ, ಅಷ್ಟು ಹೊತ್ತು ಉಸಿರು ನೋಡವರು ಬೇಕಲ್ಲ. ದಾರ್ಯಾಗ ಹಾಲು ಕೊಡಬ್ಯಾಡ್ರಿ, ಹೊಟ್ಟಿ ಖಾಲಿ ಇದ್ರ ಅರಿವಳಿಕಿ ಕೊಡೂದು ಸುರಳೀತ ಆಗ್ತದ. ಎಷ್ಟು ಗಂಟೆಗೆ ಬಿತ್ತು, ಎಷ್ಟು ಎತ್ತರ, ಎಷ್ಟು ವಾಂತಿ, ಯಾವ ಔಷಧ ಎಷ್ಟು ಕೊಟ್ರಿ ಅಂತ ಚೀಟಿ ಬರ್ಕೊಂಡು ತಾಯಿ ಕಾರ್ಡ್ ಜೊತಿ ಇಡ್ರಿ.

ಇನ್ನೊಂದು. ಮನ್ಯಾಗ ಬೈತಾರಂತ, ಇಲ್ಲಾ ಎಂ.ಎಲ್.ಸಿ. (ಪೊಲೀಸರಿಗೂ ತಿಳಿಸೋ ಮೆಡಿಕೋ-ಲೀಗಲ್ ಕೇಸ್) ಮಾಡ್ತಾರಂತ ಹೆದರಿ 'ಬಿದ್ದಿಲ್ರಿ, ಬರೇ ಜ್ವರ' ಅಂತ ಹೇಳೂದು ಅದ. ಡಾಕ್ಟರ್ ಜ್ವರಕ್ಕೇ ಔಷಧ ಕೊಡ್ತಾರ, ತಲಿ ನೋಡೂದಿಲ್ಲ. ಎಂ.ಎಲ್.ಸಿ. ಅಂದ್ರ ದವಾಖಾನಿ ಬರ್ಕೊಳ್ಳೋ ದಾಖಲಿ, ಶಿಕ್ಷಿ ಅಲ್ಲ.

ಝೋಳಿ_ಗಂಟು

ಪಲಂಗಕ್ಕ ಸುತ್ತ ತಲಿದಿಂಬು ಜೋಡಸ್ತಾರಲ್ಲ, ಅದು ಉಪಯೋಗಿಲ್ಲ. 8-9 ತಿಂಗಳ ಕೂಸು ದಿಂಬನ್ನೇ ಮೆಟ್ಟಲು ಮಾಡಿಕೊಂಡು ಇನ್ನೂ ಎತ್ತರದಿಂದ ಬೀಳ್ತದ. ಸಣ್ಣ ಕೂಸಿಗೆ ದಿಂಬು ಮಾರಿ ಮ್ಯಾಲ ಬಿದ್ರ ಉಸಿರೇ ಕಟ್ತದ. ಗಾದಿ ತೆಗೆದು ಕೆಳಗ ಹಾಸ್ರಿ, ಪಲಂಗದ ಕಥಿ ಅಲ್ಲಿಗೆ ಮುಗೀತು. ಶಹಾಬಾದ್ ಕಲ್ಲು ಬ್ಯಾಸಗಿಗೆ ತಂಪು ಖರೆ, ಆದ್ರ ಪೆಟ್ಟನ್ನ ಒಂದು ಚೂರೂ ನುಂಗೂದಿಲ್ಲ. ಕೂಸು ಹಿಡಕೊಂಡು ನಿಲ್ಲೋ ಜಾಗದಾಗ ಕೌದಿ ಎರಡು ಮಡಚಿ ಹಾಸ್ರಿ, ಬರೀ ಚಾಪಿ ಜಾರ್ತದ.

ಝೋಳಿ ನೆಲದಿಂದ ಒಂದು ಅಡಿಗಿಂತ ಎತ್ತರ ಕಟ್ಟಬ್ಯಾಡ್ರಿ. ಹಳೀ ಸೀರಿ ಮೆತ್ತಗ ಅಂತ ಕಟ್ತಾರ, ಗಂಟಿನ ಕೆಳಗ ನೂಲು ಸವೆದು ಅಲ್ಲೇ ಹರೀತದ; ವಾರಕ್ಕೊಮ್ಮೆ ಬಿಚ್ಚಿ ಬೆಳಕಿಗೆ ಹಿಡಿದು ನೋಡ್ರಿ. ಅಕ್ಕ ಅಣ್ಣಂದಿರು ಜೋರು ತೂಗಿದ್ರ ಝೋಳಿ ಗೋಡಿಗೆ ಬಡೀತದ, ಆ ಪೆಟ್ಟು ಸೀದಾ ತಲಿ ಬದಿಗೆ. ಕಾಲಿನ ಗಾಲಿ ಗಾಡಿ, ಅದೇ ವಾಕರ್, ಮನ್ಯಾಗ ಇಡಲೇಬ್ಯಾಡ್ರಿ. ಹೊಸ್ತಿಲಿಗೆ ಗಾಲಿ ತಡೆದ್ರ ಕೂಸು ತಲಿ ಮುಂದಾಗಿ ಕಟ್ಟಿ ಕೆಳಗ. ಕೆನಡಾ 2004ರಾಗೇ ಅದರ ಮಾರಾಟ ನಿಲ್ಲಿಸ್ಯದ.

ಮತ್ತ ಗಂಡಸರಿಗೆ: ಕೂಸಿನ್ನ ಮ್ಯಾಲಕ್ಕ ತೂರಿ ಹಿಡಿಯೋ ಆಟ ಫ್ಯಾನಿನ ಕೆಳಗ ಬ್ಯಾಡ. ಫ್ಯಾನಿನ ರೆಕ್ಕಿ ತಲಿಗೆ ಬಡಿದ್ರ ಎತ್ತರ ಎಷ್ಟು ಅಂತ ಕೇಳೂದಿಲ್ಲ, ಸೀದಾ ದವಾಖಾನಿ. ಬ್ಯಾಸಗಿ 40 ಡಿಗ್ರಿ ದಾಟಿದಾಗ ಮಾಳಿಗಿ ಮ್ಯಾಲ ಮಲಗೋರು ಕೂಸಿನ್ನ ಗೋಡಿ ಕಡೆ ಅಲ್ಲ, ಇಬ್ಬರು ದೊಡ್ಡವರ ನಡುವೆ ಹಾಕ್ರಿ. ಗಿಡ್ಡ ಕಟ್ಟಿ ಹಿಡಕೊಂಡು ನಿಲ್ಲಲಿಕ್ಕ ಅದಕ್ಕ ಎರಡು ನಿಮಿಷ ಸಾಕು.

ತೊಗರಿಹೊಲ (ಆಳಂದ ತಾಲೂಕು)

ಮುಂಜಾನಿ ಏಳಾಗ್ಯದ. ಮೂರೂ ಸಲ ಎಬ್ಬಿಸಿದಾಗ ಎದ್ದದ, ಹಾಲು ಕುಡಿದದ, ಮತ್ತ ವಾಂತಿ ಇಲ್ಲ. ಬುಗುಟಿ ಇಳಿದದ, ಆದ್ರ ಬಲಗಣ್ಣಿನ ರೆಪ್ಪಿ ಜರಾ ಊದಿ ನೀಲಿ ಆಗ್ಯದ. ಇದು ಮತ್ತೇನ್ರಿ? ಇವತ್ತು ಎಣ್ಣಿ ಹಚ್ಚಿ ಎರೀಬಹುದಾ?

ಮಕ್ಕಳ_ವಾರ್ಡ್_ಬೀದರ

ಹಣೆಯಲ್ಲಿ ನಿಂತ ರಕ್ತ ಭಾರಕ್ಕೆ ಕೆಳಗಿಳಿದು ರೆಪ್ಪೆಯಲ್ಲಿ ಕೂಡುತ್ತದೆ, ಆ ಕಡೆಯ ಕಣ್ಣಿಗೆ ಮರುದಿನವೋ ಮೂರನೆಯ ದಿನವೋ ಬರುತ್ತದೆ. ಬಣ್ಣ ನೀಲಿಯಿಂದ ಹಸಿರು, ಹಳದಿಯಾಗಿ ಒಂದೆರಡು ವಾರದಲ್ಲಿ ಹೋಗುತ್ತದೆ. ಹಣೆಗೆ ಪೆಟ್ಟೇ ಇಲ್ಲದೆ ಎರಡೂ ಕಣ್ಣಿನ ಸುತ್ತ ಕಪ್ಪಾದರೆ ಅದು ಬೇರೆ, ಕೂಡಲೇ ತೋರಿಸಬೇಕು. ರೆಪ್ಪೆ ಊದಿ ಕಣ್ಣು ಪೂರ್ತಿ ಮುಚ್ಚಿಹೋದರೂ ಒಮ್ಮೆ ತೋರಿಸಿ. 48 ತಾಸು ಆಗುವವರೆಗೆ ಗಮನ ಇರಲಿ.

ಮೈ ಎರೆಯಿರಿ, ಉಗುರು ಬೆಚ್ಚಗಿನ ನೀರು. ತಲೆಗೆ ಮೂರು ದಿನ ಎಣ್ಣೆ ತಟ್ಟುವುದು, ಬಿಸಿನೀರು ಹೊಯ್ಯುವುದು ಬಿಡಿ. ಆಯಿಯವರಿಗೆ ಕಾಲು, ಬೆನ್ನು ಒಪ್ಪಿಸಿ. ಬುಗುಟಿ ಇಳಿಯುವಾಗ ಅಂಚು ಗಟ್ಟಿಯಾಗಿ ನಡುವೆ ಗುಳಿ ಬಿದ್ದಂತೆ ಕೈಗೆ ಸಿಗಬಹುದು. ಹಳೆಯ ರಕ್ತ ನಡುವೆ ಕರಗಿ ಅಂಚಿನಲ್ಲಿ ಗಟ್ಟಿಯಾಗುವುದರಿಂದ ಹಾಗಾಗುತ್ತದೆ, ಕೆಲವು ವಾರ ಉಳಿಯಬಹುದು. ಮುಂದಿನ ಲಸಿಕೆಗೆ ಹೋದಾಗ ಅಲ್ಲಿಯ ಡಾಕ್ಟರ ಕೈಯಿಂದ ಒಮ್ಮೆ ಮುಟ್ಟಿಸಿ ನೋಡಿ.